ಅಮ್ಮನ ಕೊನೆಯ ಬಿಡಾರ

ಅಮ್ಮ ತೀರಿಕೊಂಡ ಹದಿನೆಂಟನೇ ದಿನ ಕುಂಬಳೆಯ ಬಿಡಾರ ಖಾಲಿ ಮಾಡಲು ಹೋದೆ. ನಮ್ಮ ಕಾಸರಗೋಡಿನ ಕಡೆ ಬಾಡಿಗೆ ಮನೆಗೆ ಬಿಡಾರ ಅಂತ ಹೇಳುವುದು ಉಂಟು. ಅಮ್ಮನಿಗೆ ಇದು ಐದನೆಯದು. ಉಪ್ಪಳದಲ್ಲಿ ಎರಡು, ಬದಿಯಡ್ಕದಲ್ಲಿ ಎರಡು, ಕೊನೆಗೆ ಇದು. ಧನಿಗಳು ಮನೆ ಬೇಕು ಅಂದಾಗಲೆಲ್ಲ ಪಾತ್ರೆ, ಚಾಪೆ, ಬೀಡಿ ಕಟ್ಟುವ ತಡ್ಪೆ ಎಲ್ಲ ಗಂಟು ಕಟ್ಟಿಕೊಂಡು ಹೊರಡುವುದು. ಒಂದು ಸಲ ಅವಳು ನೆಟ್ಟ ಬಸಳೆ ಚಪ್ಪರ ತುಂಬಾ ಹಬ್ಬಿ ಇನ್ನೇನು ಕೊಯ್ಯಬೇಕು ಅನ್ನುವಾಗ ಬಿಟ್ಟು ಹೋಗಬೇಕಾಯಿತು. ಅದನ್ನು ಮಾತ್ರ ಅವಳು ಕೊನೆವರೆಗೂ ಮರೆಯಲಿಲ್ಲ.

ಸಾಮಾನು ಜಾಸ್ತಿ ಇರಲಿಲ್ಲ. ಪಾತ್ರೆ ಚಿಕ್ಕಮ್ಮನಿಗೆ, ಬೈಬಲ್ ನನಗೆ. ಸುಮ್ನೆ ತೆರೆದರೆ ಯೋಹಾನನ ಸುವಾರ್ತೆಯ 14ನೇ ಅಧ್ಯಾಯದಲ್ಲಿ ಒಂದು ತುಂಡು ಬೀಡಿ ನೂಲು. ಗುರುತಿಗೆ ಇಟ್ಟದ್ದು. ಆ ಹಾಳೆಯ ಅಂಚು ಅವಳ ಬೆರಳು ತಾಗಿ ತಾಗಿ ಕಂದಾಗಿತ್ತು, ಮೂಗಿನ ಹತ್ತಿರ ಹಿಡಿದರೆ ಹೊಗೆಸೊಪ್ಪಿನ ವಾಸನೆ. ಅಲ್ಲೇ ನೆಲದಲ್ಲಿ ಕೂತುಬಿಟ್ಟೆ.

ಯೇಸು ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಶಿಷ್ಯರಿಗೆ ಧೈರ್ಯ ಹೇಳುವ ಮಾತುಗಳು ಅವು. ತಂದೆಯ ಮನೆಯಲ್ಲಿ ಬಹಳ ಬಿಡಾರಗಳಿವೆ, ನಿಮಗೆ ಸ್ಥಳ ಸಿದ್ಧಮಾಡುವುದಕ್ಕೆ ಹೋಗುತ್ತೇನೆ ಅಂತ. ಗುಡ್ ಫ್ರೈಡೇಗೆ ಸ್ವಲ್ಪ ಮೊದಲು, ಆಗಲೇ ಹಾಸಿಗೆ ಹಿಡಿದಿದ್ದಳು, ಇದನ್ನು ಓದಿ ಹೇಳುವಾಗ ಅಮ್ಮ ಕೇಳಿದಳು, "ಅಲ್ಲಿಯೂ ಬಿಡಾರವೇನಾ ಮಗಾ? ಅಲ್ಲಿಂದಲೂ ಬಿಡ್ಲಿಕ್ಕೆ ಹೇಳ್ತಾರಾ?"

ನನಗೆ ಉತ್ತರ ಗೊತ್ತಿರಲಿಲ್ಲ. ಭಾನುವಾರ ಆರಾಧನೆ ಮುಗಿದ ಮೇಲೆ ಪಾಸ್ಟರರನ್ನೇ ಕೇಳಿದೆ. ಅವರು ನಗಲಿಲ್ಲ. ಗ್ರೀಕಿನಲ್ಲಿ ಅಲ್ಲಿರುವುದು 'ಮೊನೇ' ಎಂಬ ಪದ, ಉಳಿಯುವುದು ಅನ್ನುವ ಕ್ರಿಯಾಪದದಿಂದ ಬಂದದ್ದು, ಉಳಿಯುವ ಜಾಗ ಅಂತ ಅರ್ಥ ಅಂದರು. ಅದೇ ಅಧ್ಯಾಯದ 23ನೇ ವಚನದಲ್ಲಿ, ನನ್ನನ್ನು ಪ್ರೀತಿಸುವವನ ಬಳಿಗೆ ತಂದೆಯೂ ನಾನೂ ಬಂದು ವಾಸಮಾಡುತ್ತೇವೆ ಅಂತ ಯೇಸು ಹೇಳುವಲ್ಲಿಯೂ ಅದೇ ಪದವಂತೆ. ಮನೆಗೆ ಬಂದು ಅಮ್ಮನಿಗೆ ಹೇಳಿದೆ, ದೇವರು ಈಗಲೇ ನಿನ್ನ ಹತ್ತಿರ ಬಿಡಾರ ಮಾಡಿದ್ದಾರೆ, ಅವರು ನಿನ್ನನ್ನು ಬಿಟ್ಟು ಹೋಗುವುದಿಲ್ಲ, ಅಲ್ಲಿಂದ ನಿನ್ನನ್ನು ಯಾರೂ ಎಬ್ಬಿಸುವುದಿಲ್ಲ ಅಂತ. ಅವಳು ತುಂಬಾ ಹೊತ್ತು ಮನೆಯ ಮಾಡನ್ನೇ ನೋಡುತ್ತಾ ಇದ್ದು, "ಹಾಗಾದರೆ ಆಗಬಹುದು" ಅಂದಳು. ನೂಲು ಇಟ್ಟದ್ದು ಆಮೇಲೆಯೇ ಇರಬೇಕು.

ಮಣ್ಣು ಮಾಡಿದ ದಿನ ಜೋರು ಮಳೆ. ಕೆಂಪುಕಲ್ಲಿನ ನೆಲ, ಗುಂಡಿಯಲ್ಲಿ ನೀರು ನಿಂತಿತ್ತು, ಆ ನೀರಿಗೆ ಅಮ್ಮನನ್ನು ಇಳಿಸುವುದು ನೋಡಲಿಕ್ಕೆ ನನ್ನಿಂದ ಆಗಲಿಲ್ಲ. ಪಾಸ್ಟರ್ ಬೈಬಲಿನಿಂದ, ಥೆಸಲೋನಿಕದ ಸಭೆಯವರಿಗೆ ಪೌಲ ಬರೆದ ಮೊದಲನೇ ಪತ್ರದ 4ನೇ ಅಧ್ಯಾಯ ಓದಿದರು. ನಿರೀಕ್ಷೆಯಿಲ್ಲದವರ ಹಾಗೆ ದುಃಖಪಡಬೇಡಿ ಅಂತ ಉಂಟು ಅದರಲ್ಲಿ. ಅಳಲೇಬೇಡಿ ಅಂತ ಪೌಲ ಹೇಳಿಲ್ಲ, ಅಲ್ವಾ? ಅದಕ್ಕೇ ನಾನು ಧಾರಾಳವಾಗಿ ಅತ್ತೆ. ಸತ್ತವರೊಳಗಿಂದ ಎದ್ದ ಕ್ರಿಸ್ತ ಪ್ರಥಮಫಲ ಅಂತಲೂ ಪೌಲನೇ ಕೊರಿಂಥದವರಿಗೆ ಬರೆದಿದ್ದಾನೆ. ಗದ್ದೆ ಮಾಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಮೊದಲ ತೆನೆ ಮನೆಗೆ ಬಂತು ಅಂದರೆ ಉಳಿದ ಪೈರೂ ಬರಲಿಕ್ಕುಂಟು. ಸ್ವರ್ಗ ಅಂದರೆ ಆತ್ಮ ಎಲ್ಲೋ ಮೇಲೆ ತೇಲುವುದು ಅಂತ ಚಿಕ್ಕಂದಿನಲ್ಲಿ ಅಂದುಕೊಂಡಿದ್ದೆ. ಆದರೆ ನಾವು ನಂಬುವುದು ದೇಹವೂ ಏಳುತ್ತದೆ ಅಂತ. ಎಲೆ ಕತ್ತರಿಸಿ ಕತ್ತರಿಸಿ ದಡ್ಡುಗಟ್ಟಿದ ಆ ಬೆರಳುಗಳನ್ನು ಮತ್ತೆ ಹಿಡಿಯುತ್ತೇನೆ ಅಂತ ನನಗೆ ಧೈರ್ಯ ಉಂಟು.

ಸಂಜೆ ಧನಿಗಳು ಬಂದರು. "ಎಲ್ಲ ತೆಗೆದಾಯ್ತಾ?" ಅಂತ ಮೆಲ್ಲ ಕೇಳಿದರು. ಕೀ ಕೊಟ್ಟೆ. ಬಾವಿಕಟ್ಟೆಯ ಹತ್ತಿರ ಅಮ್ಮನ ಬಸಳೆ ಚಪ್ಪರ ತುಂಬಿಕೊಂಡಿತ್ತು. ಈ ಸಲ ಕೊಯ್ದೆ. ಒಂದು ಕಟ್ಟು ಧನಿಗಳ ಮನೆಗೆ, ಒಂದು ನನಗೆ. ಬುಡ ಅಲ್ಲೇ ಬಿಟ್ಟೆ, ಮುಂದೆ ಬಿಡಾರಕ್ಕೆ ಬರುವವರಿಗೆ.