ಅರವತ್ತು ಸಾವಿರ ಯೂರೋದ ಲೆಕ್ಕ

ಮ್ಯೂನಿಕ್‌ನ ಕಂಪನಿಯೊಂದರಿಂದ ವರ್ಷಕ್ಕೆ 60,000 ಯೂರೋ ಸಂಬಳದ ಆಫರ್ ಬಂದಿದೆಯೆಂದು ಹೇಳಲು ಚಿಕ್ಕಪ್ಪನ ಮಗ ಕಳೆದ ಭಾನುವಾರ ಪುಣೆಯ ವಾಕಡದಲ್ಲಿರುವ ನಮ್ಮ ಮನೆಗೆ ಬಂದಿದ್ದ. "ಅಣ್ಣಾ, ಯೂರೋಕ್ಕ ನೂರು ರೂಪಾಯಿ ಹಿಡಿದ್ರೂ ಅರವತ್ತು ಲಕ್ಷ ಆತು ನೋಡು" ಎಂದ. ಹಿಂಜವಡಿಯ ಈಗಿನ ಕೆಲಸದಲ್ಲಿ ಅವನ ಸಿಟಿಸಿ, ಅಂದರೆ ಕಂಪನಿ ಅವನ ಮೇಲೆ ವರ್ಷಕ್ಕೆ ಮಾಡುವ ಒಟ್ಟು ಖರ್ಚು, 24 ಲಕ್ಷ. ನಾಲ್ಕು ವರ್ಷ ಅದೇ ಮ್ಯೂನಿಕ್‌ನಲ್ಲಿ ಕೋಡ್ ಬರೆದು ಮರಳಿದ ನಾನು ಆ ಗುಣಾಕಾರವನ್ನು ಅಲ್ಲಿಗೇ ನಿಲ್ಲಿಸಿ ಒಂದು ಹಾಳೆ ತರಿಸಿದೆ.

ನಮ್ಮ ಸಿಟಿಸಿಯಲ್ಲಿ ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಟಿ ಎರಡೂ ಅಡಗಿರುತ್ತವೆ. ಜರ್ಮನಿಯ ಆಫರ್ ಪತ್ರದ ಅಂಕಿಯಲ್ಲಿ ಕಂಪನಿಯ ಪಾಲಿನ ವಿಮೆ, ಪಿಂಚಣಿ ಸೇರಿರುವುದಿಲ್ಲ. ಆದರೆ ತಿಂಗಳ 5,000 ಯೂರೋದಲ್ಲಿ ನೌಕರನ ಪಾಲಿನ ಪಿಂಚಣಿಗೆ ಶೇ. 9.3, ನಿರುದ್ಯೋಗ ವಿಮೆಗೆ ಶೇ. 1.3, ಜೊತೆಗೆ ಆರೋಗ್ಯ ವಿಮೆ, ಆದಾಯ ತೆರಿಗೆ ಎಲ್ಲವೂ ಕಳೆದು, ಮದುವೆಯಾಗದವನ ಕೈಗೆ ಬರುವುದು ಸುಮಾರು 3,100. ನಾನು ಹೀಟಿಂಗ್ ಸೇರಿ 1,350 ಯೂರೋ ಬಾಡಿಗೆ ಕೊಡುತ್ತಿದ್ದೆ. ಊಟ, ಓಡಾಟಕ್ಕೆ 700 ಹಿಡಿದರೆ ತಿಂಗಳಿಗೆ ಉಳಿಯುವುದು 1,050 ಯೂರೋ, ಅವನದೇ ಲೆಕ್ಕದಲ್ಲಿ ಲಕ್ಷ ರೂಪಾಯಿಯ ಆಸುಪಾಸು. ಇಲ್ಲಿ ತಿಂಗಳಿಗೆ ಅವನ ಕೈಗೆ ಬರುವುದು 1,55,000 ರೂಪಾಯಿ, ಖರ್ಚು 70,000, ಉಳಿಯುವುದು 85,000. ಮೂವತ್ತಾರು ಲಕ್ಷದ ಅಂತರವೆಂದು ಅವನು ಬಗೆದದ್ದು ತಿಂಗಳಿಗೆ ಇಪ್ಪತ್ತು ಸಾವಿರಕ್ಕೆ ಇಳಿಯಿತು.

ಅಡುಗೆಮನೆಯ ವಿಷಯ ಹೇಳಿದಾಗ ಅವನು ನಂಬಲಿಲ್ಲ. ಅಲ್ಲಿ ಬಾಡಿಗೆ ಮನೆ ಹಲವು ಸಲ ಅಡುಗೆಮನೆಯ ಸಾಮಾನಿಲ್ಲದೆಯೇ ಸಿಗುತ್ತದೆ; ನನ್ನ ಮನೆಯ ಬೋಳು ಗೋಡೆಯಿಂದ ಎರಡು ನೀರಿನ ಪೈಪುಗಳು ಮಾತ್ರ ಹೊರಚಾಚಿದ್ದವು. ಸಿಂಕು, ಒಲೆ, ಕಪಾಟು ಕೊಂಡು, ಜೋಡಿಸಲು ಬಂದವನ ಕೂಲಿ ಕೇಳಿ ಗಾಬರಿಯಾಗಿ, ಎರಡು ಶನಿವಾರ ನಾನೇ ಸ್ಕ್ರೂ ತಿರುಗಿಸುತ್ತ ಕೂತೆ. ಅಲ್ಲಿ ಇನ್ನೊಬ್ಬರ ದುಡಿಮೆ ತುಟ್ಟಿ, ಸಾರ್ವಜನಿಕವಾದದ್ದು ಅಗ್ಗ; ಪುಣೆಯಲ್ಲಿ ಇದು ತಿರುವುಮುರುವು. ಇಲ್ಲಿ ಬೆಳಿಗ್ಗೆ ಎಂಟಕ್ಕೆ ಅಡುಗೆಯ ಮಾವಶಿ ಬಂದು ಚಪಾತಿ ಲಟ್ಟಿಸಿ ಹೋಗುತ್ತಾರೆ, ಆದರೆ ಬೇಸಿಗೆಯಲ್ಲಿ ಸೊಸೈಟಿಯ ಮೇಂಟೆನೆನ್ಸ್ ಬಿಲ್ಲಿನಲ್ಲಿ ಟ್ಯಾಂಕರ್ ನೀರಿನ ಸಾಲೊಂದು ಉದ್ದವಾಗುತ್ತದೆ, ಮಗಳ ಶಾಲೆಯ ಫೀಸಂತೂ ಹೇಳುವುದೇ ಬೇಡ. ಅಲ್ಲಿ ಮೆಟ್ರೊದಲ್ಲಿ ಇಪ್ಪತ್ತೈದು ನಿಮಿಷಕ್ಕೆ ಆಫೀಸು ಸೇರುತ್ತಿದ್ದ ನಾನು, ಇಲ್ಲಿ ಮಳೆ ಬಂದ ದಿನ ಆರೇಳು ಕಿಲೋಮೀಟರಿಗೆ ಒಂದು ಗಂಟೆ ಕ್ಲಚ್ ಒತ್ತುತ್ತೇನೆ.

ಅಲ್ಲಿ ನನಗೆ ವರ್ಷಕ್ಕೆ 30 ದಿನ ರಜೆಯಿತ್ತು. ಕಾಯಿಲೆ ಬಿದ್ದರೆ ಆರು ವಾರದವರೆಗೆ ಪೂರ್ತಿ ಸಂಬಳ ಕೊಡಬೇಕೆಂಬುದು ಕಾನೂನು, ಅದು ರಜೆಯಲ್ಲಿ ಕಳೆಯುವುದಿಲ್ಲ. ಇದಕ್ಕಾಗಿ ಹೋಗುವುದಾದರೆ ಹೋಗು, ಅರವತ್ತು ಲಕ್ಷಕ್ಕಾಗಿ ಬೇಡ ಎಂದೆ. ಅಪ್ಪನ ಕಣ್ಣಿನ ಆಪರೇಷನ್ನಿಗೆ ನಾನು ಮ್ಯೂನಿಕ್‌ನಿಂದ ಧಾರವಾಡ ಮುಟ್ಟುವ ಹೊತ್ತಿಗೆ ಪಟ್ಟಿ ಬಿಚ್ಚಿಯಾಗಿತ್ತು ಎಂಬುದನ್ನು ಹಾಳೆಯಲ್ಲಿ ಯಾವ ಕಡೆ ಬರೆಯಬೇಕೋ ತಿಳಿಯದೆ ಬಿಟ್ಟೆ.

ಆಫರ್‌ಗೆ ಉತ್ತರಿಸಲು ಅವನಿಗೆ ಶುಕ್ರವಾರದವರೆಗೆ ಸಮಯವಿದೆ. ಅಡುಗೆಮನೆಯ ಖರ್ಚನ್ನು ಕಂಪನಿ ಕೊಡುತ್ತದೆಯೇ ಎಂದು ಮೊದಲು ಕೇಳಲು ಹೇಳಿದ್ದೇನೆ.