ಇದರಲ್ಲಿ ಮೀನಿದೆಯಾ? ಕೊರಿಯಾದಲ್ಲಿ ನಮ್ಮ ಹುಡುಗರು

ಅಧ್ಯಯನ ಪ್ರವಾಸಕ್ಕೆಂದು ದಕ್ಷಿಣ ಕೊರಿಯಾಕ್ಕೆ ಹೊರಟ ನಮ್ಮ ಆಹಾರ ತಂತ್ರಜ್ಞಾನದ ವಿದ್ಯಾರ್ಥಿಗಳಲ್ಲಿ ಎರಡು ಪಂಗಡ. ಸಿಕ್ಕಿದ್ದನ್ನೆಲ್ಲ ತಿನ್ನುವವರು ಒಂದು ಕಡೆ, ಸಸ್ಯಾಹಾರಿಗಳು ಇನ್ನೊಂದು ಕಡೆ. ಎಲ್ಲರ ಚಿಂತೆಯೂ ಎರಡನೆಯವರದ್ದೇ. ತಾಯಂದಿರು ಅವಲಕ್ಕಿ, ಚಟ್ನಿಪುಡಿ, ತೊಕ್ಕು ಎಂದು ಚೀಲ ತುಂಬಿಸಿ ಕಳಿಸಿದ್ದರು. ಆದರೆ ಊರಿಗೆ ಬಂದು ವರದಿಗಳನ್ನು ಓದುವಾಗ ನನಗೆ ಕಂಡದ್ದು ಬೇರೆಯೇ. ಎಲ್ಲವನ್ನೂ ತಿಂದವರು ‘ಬಾರ್ಬೆಕ್ಯೂ ಸೂಪರ್ ಆಗಿತ್ತು’ ಎಂದು ಬರೆದು ಕೈ ತೊಳೆದುಕೊಂಡಿದ್ದರು. ಪ್ರತಿ ಬಟ್ಟಲಿಗೂ ‘ಇದರಲ್ಲಿ ಏನಿದೆ?’ ಎಂದು ಕೇಳಬೇಕಾಗಿ ಬಂದವರು ಮಾತ್ರ ಕೊರಿಯಾದ ಅಡುಗೆಮನೆಯನ್ನೇ ಹೊಕ್ಕು ಬಂದಿದ್ದರು.

ನಾವು ಹೋದದ್ದು ನವೆಂಬರ್ ಕೊನೆಯಲ್ಲಿ. ಸಿಯೋಲ್‌ನ ಬೀದಿಗಳಲ್ಲಿ ಗಿಂಕೊ ಮರದ ಹಳದಿ ಎಲೆಗಳ ರಾಶಿ, ಮೂಗಿನ ತುದಿ ಮರಗಟ್ಟಿಸುವ ಗಾಳಿ. ಹುಡುಗಿಯರ ಪಟ್ಟಿಯಲ್ಲಿ ಮೊದಲಿದ್ದದ್ದು ಗ್ಯಾಂಗ್‌ಬೊಕ್‌ಗುಂಗ್ ಅರಮನೆ. 1395ರಲ್ಲಿ ಕಟ್ಟಿದ್ದು. ಹಾನ್‌ಬೊಕ್ ಎಂಬ ಸಾಂಪ್ರದಾಯಿಕ ಉಡುಪು ಉಟ್ಟು ಹೋದರೆ ಪ್ರವೇಶ ಉಚಿತ ಎಂಬ ನಿಯಮದಿಂದಾಗಿ ಸುತ್ತಲಿನ ಗಲ್ಲಿಗಳ ತುಂಬ ಬಾಡಿಗೆ ಉಡುಪಿನ ಅಂಗಡಿಗಳು. ಮಿರಿಮಿರಿ ಮಿಂಚುವ ಜರಿಯ ಆ ಬಾಡಿಗೆ ಲಂಗಗಳು ನನಗೇನೂ ಹಿಡಿಸಲಿಲ್ಲ. ಆದರೆ ಕೊರಿಯನ್ ಸೀರಿಯಲ್ ನೋಡಿ ಬೆಳೆದವರ ಖುಷಿಗೆ ನಾನೇಕೆ ಅಡ್ಡ ಬರಲಿ? ಫೋಟೋಗಳಲ್ಲೇ ಅರ್ಧ ದಿನ ಹೋಯಿತು.

ಸೀರಿಯಲ್‌ಗಳು ಉಪಯೋಗಕ್ಕೆ ಬಂದದ್ದು ಊಟದ ಮೇಜಿನಲ್ಲಿ. ಹಿರಿಯರು ಚಮಚ ಎತ್ತುವ ತನಕ ಕಿರಿಯರು ಮುಟ್ಟಬಾರದು ಎಂಬ ರೂಢಿ ನನಗಿಂತ ಮೊದಲೇ ಅವರಿಗೆ ಗೊತ್ತಿತ್ತು. ನಾನು ಕನ್ನಡಕ ಒರೆಸುತ್ತ ಕುಳಿತರೆ ‘ಮೇಡಂ, ದಯವಿಟ್ಟು ಶುರು ಮಾಡಿ’ ಎಂಬ ಗೋಳು. ಅನ್ನಕ್ಕೂ ಸಾರಿಗೂ ಚಮಚ, ಉಳಿದದ್ದಕ್ಕೆ ಕಡ್ಡಿ. ಬಟ್ಟಲನ್ನು ಕೈಯಲ್ಲಿ ಎತ್ತಿ ಹಿಡಿಯುವಂತಿಲ್ಲ. ಕಡ್ಡಿಗಳು ಚಪ್ಪಟೆಯಾದ ಸ್ಟೀಲಿನವು, ಮರದ ಕಡ್ಡಿಯಲ್ಲಿ ಅಭ್ಯಾಸ ಮಾಡಿ ಬಂದಿದ್ದವರ ಕೈಯಿಂದಲೂ ಜಾರುತ್ತಿದ್ದವು. ‘ಬಾನ್‌ಚಾನ್’ ಎಂಬ ಸಣ್ಣ ಸಣ್ಣ ಪಲ್ಯಗಳು ಕೇಳದೆಯೇ ಬರುತ್ತವೆ. ಮುಗಿದರೆ ಮತ್ತೆ ಕೊಡುತ್ತಾರೆ, ಅದಕ್ಕೆ ದುಡ್ಡಿಲ್ಲ.

ತೊಡಕು ಶುರುವಾದದ್ದು ಈ ಬಾನ್‌ಚಾನ್‌ಗಳಲ್ಲೇ. ಪಾಲಕ್, ಮೊಳಕೆಕಾಳು, ಮೂಲಂಗಿ, ಎಲೆಕೋಸು, ನೋಡಲು ಎಲ್ಲವೂ ಶುದ್ಧ ತರಕಾರಿ. ಆದರೆ ಸಾಮಾನ್ಯ ಕಿಮ್ಚಿಯಲ್ಲಿ ‘ಜೊತ್‌ಗಾಲ್’ ಇರುತ್ತದೆ, ಅಂದರೆ ಉಪ್ಪಿನಲ್ಲಿ ಹುದುಗಿಸಿದ ಸೀಗಡಿ ಅಥವಾ ಮೀನು. ತೋಫು ಸಾರಿನ ತಿಳಿ ಬಹುಪಾಲು ಒಣ ಆಂಚೊವಿ ಮೀನು ಮತ್ತು ಕೆಲ್ಪ್ ಎಂಬ ಕಡಲಕಳೆ ಕುದಿಸಿದ್ದು. ಕೊರಿಯಾದವರಿಗೆ ಇದು ಮೀನಿನ ಅಡುಗೆಯಲ್ಲ, ರುಚಿಯ ತಳಪಾಯ ಅಷ್ಟೇ. ಹಾಗಾಗಿ ‘ಮಾಂಸ ಇದೆಯಾ?’ ಎಂದರೆ ಪ್ರಾಮಾಣಿಕವಾಗಿಯೇ ‘ಇಲ್ಲ’ ಎನ್ನುತ್ತಿದ್ದರು. ನಮ್ಮ ಹುಡುಗರು ಎರಡೇ ಊಟದಲ್ಲಿ ಪ್ರಶ್ನೆ ಬದಲಿಸಿಕೊಂಡರು: ತಿಳಿ ಯಾವುದರದು? ಕಿಮ್ಚಿಗೆ ಏನು ಹಾಕಿದ್ದೀರಿ? ಅನ್ನ ಯಾವುದರಲ್ಲಿ ಬೇಯಿಸಿದ್ದು?

ಈ ಕೊನೆಯ ಪ್ರಶ್ನೆಯನ್ನು ಹುಟ್ಟಿಸಿದ್ದು ಜೊಂಜು. ಸಿಯೋಲ್‌ನಿಂದ ವೇಗದ ರೈಲಿನಲ್ಲಿ ಎರಡು ಗಂಟೆಯೊಳಗಿನ ದಾರಿ. 2012ರಲ್ಲಿ ಯುನೆಸ್ಕೊ ಪಾಕಶಾಸ್ತ್ರದ ನಗರವೆಂದು ಗುರುತಿಸಿದ ಊರು ಇದು. ಹಂಚಿನ ಮಾಡಿನ ನೂರಾರು ‘ಹಾನೊಕ್’ ಮನೆಗಳ ಬಡಾವಣೆಯೇ ಇಲ್ಲಿದೆ. ಜೊಂಜು ಎಂದರೆ ಬಿಬಿಂಬಾಪ್: ಅನ್ನದ ಮೇಲೆ ಮೊಳಕೆಕಾಳು, ಕ್ಯಾರೆಟ್, ಅಣಬೆ, ಹೆಸರುಕಾಳಿನ ಹಳದಿ ಜೆಲ್ಲಿ, ಮೊಟ್ಟೆ, ಜೊತೆಗೆ ಗೊಚುಜಾಂಗ್ ಎಂಬ ಕೆಂಪು ಗೊಜ್ಜು. ‘ಮಾಂಸ ಬೇಡ, ಮೊಟ್ಟೆ ಬೇಡ’ ಎಂದು ಹೇಳಿ ಮುಗಿಯಿತೆಂದುಕೊಂಡರೆ, ಇಲ್ಲಿನ ಸಾಂಪ್ರದಾಯಿಕ ಕ್ರಮದಲ್ಲಿ ಅನ್ನವನ್ನೇ ದನದ ಮೂಳೆಯ ತಿಳಿಯಲ್ಲಿ ಬೇಯಿಸುತ್ತಾರೆ. ಹೋಟೆಲಿನ ಅಜ್ಜಿ ಇದನ್ನು ಹೆಮ್ಮೆಯಿಂದಲೇ ವಿವರಿಸಿದರು. ನಮ್ಮವರ ಮುಖ ನೋಡಿ ನಕ್ಕು, ಒಳಗೆ ಹೋಗಿ ಮನೆಯವರಿಗೆಂದು ಇಟ್ಟಿದ್ದ ಬಿಳಿ ಅನ್ನ ತಂದರು. ಒಬ್ಬ ಹುಡುಗ ಚೀಲದಿಂದ ಚಟ್ನಿಪುಡಿ ತೆಗೆದ. ಅಜ್ಜಿ ಬೆರಳಿಗೆ ಹಚ್ಚಿಕೊಂಡು ನೆಕ್ಕಿ, ಏನೇನು ಹಾಕುತ್ತೀರಿ ಎಂದು ಫೋನಿನ ಅನುವಾದದಲ್ಲಿ ಅವನನ್ನೇ ತಿರುಗಿ ವಿಚಾರಿಸಿದರು.

ಅಂದು ಸಂಜೆ ಒಂದು ಪಾನ್ಸೊರಿ ಕಾರ್ಯಕ್ರಮ. ಒಬ್ಬರು ಬೀಸಣಿಗೆ ಹಿಡಿದು ನಿಂತು ಕಥೆ ಹಾಡುತ್ತಾರೆ, ಇನ್ನೊಬ್ಬರು ಡೋಲು ಬಾರಿಸುತ್ತಾರೆ. ನಡುನಡುವೆ ಪ್ರೇಕ್ಷಕರು ‘ಅಲ್ಶಿಗೂ!’ ಎಂದು ಕೂಗಿ ಹುರಿದುಂಬಿಸಬೇಕು. ಕೂಗುವುದು ಕರ್ತವ್ಯ ಎಂದು ತಿಳಿದ ಮೇಲೆ ನಮ್ಮ ಹುಡುಗರನ್ನು ಹಿಡಿಯುವವರಾರು!

ನನ್ನ ಮಟ್ಟಿಗೆ ಪ್ರವಾಸದ ಸಾರವೆಲ್ಲ ಇದ್ದದ್ದು ಸಿಯೋಲ್‌ಗೆ ಮರಳಿದ ಮೇಲೆ ನೋಡಿದ ಜಿಂಗ್ವಾನ್ಸಾದಲ್ಲಿ. ಬುಖಾನ್‌ಸಾನ್ ಬೆಟ್ಟದ ಬುಡದಲ್ಲಿರುವ ಈ ಬೌದ್ಧ ದೇಗುಲದ ಆರಂಭ 1011ರಲ್ಲಿ. ಕೊರಿಯಾ ಯುದ್ಧದಲ್ಲಿ ಬಹುಪಾಲು ಸುಟ್ಟುಹೋಗಿ ಮತ್ತೆ ಎದ್ದದ್ದು. ಉಳಿದುಕೊಂಡ ಒಂದು ಪುಟ್ಟ ಗುಡಿಯನ್ನು 2009ರಲ್ಲಿ ದುರಸ್ತಿ ಮಾಡುವಾಗ ಗೋಡೆಯೊಳಗೆ ಒಂದು ಹಳೆಯ ಬಾವುಟ ಸಿಕ್ಕಿತು: ಜಪಾನಿನ ಧ್ವಜದ ಮೇಲೆಯೇ ಬರೆದ ಕೊರಿಯಾದ ತೈಗುಕ್ ಲಾಂಛನ, ಜಪಾನಿನ ಆಳ್ವಿಕೆಯ ವಿರುದ್ಧ ನಡೆದ 1919ರ ಸ್ವಾತಂತ್ರ್ಯ ಚಳವಳಿಯ ಕಾಲದ್ದು. ಅಡುಗೆ ನೋಡಲು ಹೋದವರು ಇದರ ಮುಂದೆ ಬಹಳ ಹೊತ್ತು ನಿಂತೆವು.

ಅಲ್ಲಿನ ಭಿಕ್ಷುಣಿಯರ ಅಡುಗೆಗೆ ದೊಡ್ಡ ಹೆಸರು. ಮಾಂಸ, ಮೀನು ಇಲ್ಲ. ಜೊತೆಗೆ ಐದು ಘಾಟು ಪದಾರ್ಥಗಳೂ ವರ್ಜ್ಯ. ಬೆಳ್ಳುಳ್ಳಿ, ಈರುಳ್ಳಿ ಜಾತಿಯ ಸೊಪ್ಪುಗಳ ಹೆಸರು ಬಂದಾಗ ನಮ್ಮಲ್ಲಿ ಒಬ್ಬಳು ಉಡುಪಿ ಕಡೆಯ ಹುಡುಗಿ ‘ಇದು ನಮ್ಮ ಅಜ್ಜಿಮನೆಯ ಮಡಿ ಅಡುಗೆಯೇ’ ಎಂದು ಅರಳಿದಳು. ಐದನೆಯದು ಇಂಗು! ಕೊರಿಯಾದ ಅಡುಗೆಯಲ್ಲಿ ಇಂಗಿನ ಬಳಕೆಯೇ ಇಲ್ಲ, ಆದರೂ ಭಾರತದಿಂದ ಚೀನಾ ದಾಟಿ ಬಂದ ನಿಷೇಧದ ಪಟ್ಟಿಯಲ್ಲಿ ಅದು ಉಳಿದುಕೊಂಡಿದೆ. ಈರುಳ್ಳಿ ಬಿಟ್ಟವರು ಇಂಗನ್ನೇ ನಂಬಿ ಬದುಕುವ ಮನೆಯಿಂದ ಬಂದ ಆ ಹುಡುಗಿ ಪೆಚ್ಚಾದಳು. ಇಂಗಿಲ್ಲದೆ ಇವರು ರುಚಿ ಎಲ್ಲಿಂದ ತರುತ್ತಾರೆ ಎಂಬುದು ಅವಳ ಪ್ರಶ್ನೆ. ಭಿಕ್ಷುಣಿ ಮಾತಾಡದೆ ಹಿತ್ತಲಿಗೆ ಕರೆದೊಯ್ದರು. ಅಲ್ಲಿ ಸಾಲು ಸಾಲು ಕಂದು ಭರಣಿಗಳು. ಸೋಯಾ ಕಾಳನ್ನು ಬೇಯಿಸಿ, ಕುಟ್ಟಿ, ಇಟ್ಟಿಗೆಯಂತೆ ತಟ್ಟಿ ಒಣಹಾಕಿ ಬೂಷ್ಟು ಹಿಡಿಸುತ್ತಾರೆ. ಆಮೇಲೆ ಉಪ್ಪುನೀರಿನಲ್ಲಿ ಇಟ್ಟು, ತಿಂಗಳುಗಳ ನಂತರ ನೀರನ್ನೂ ಗಟ್ಟಿಯನ್ನೂ ಬೇರ್ಪಡಿಸುತ್ತಾರೆ. ನೀರು ಸೋಯಾ ಸಾಸ್ ಆಗುತ್ತದೆ, ಗಟ್ಟಿ ದೊಯೆಂಜಾಂಗ್ ಎಂಬ ಗೊಜ್ಜಾಗುತ್ತದೆ. ವರ್ಷ ಕಳೆದಷ್ಟೂ ರುಚಿ. ಹೀಗೆ ಹುದುಗಿಸಿದ ಸಾಸು, ಗೊಜ್ಜುಗಳಿಗೆಲ್ಲ ‘ಜಾಂಗ್’ ಎಂದು ಹೆಸರು; ಅದರ ತಯಾರಿಕೆಯ ಪರಂಪರೆ 2024ರಲ್ಲಿ ಯುನೆಸ್ಕೊದ ಪಾರಂಪರಿಕ ಪಟ್ಟಿ ಸೇರಿದೆ. ಹಳೆಯ ಸೋಯಾ ಸಾಸನ್ನು ಚಮಚದ ತುದಿಯಲ್ಲಿ ನೆಕ್ಕಿದ ಹುಡುಗಿ ಆಮೇಲೆ ಇಂಗಿನ ಸುದ್ದಿ ಎತ್ತಲಿಲ್ಲ.

ಚಳಿಗಾಲಕ್ಕೆಂದು ರಾಶಿ ಕಿಮ್ಚಿ ಹಾಕಿಡುವ ‘ಕಿಮ್‌ಜಾಂಗ್’ ಕಾಲವೂ ಅದೇ ಆಗಿತ್ತು. ಅತಿಥೇಯ ವಿಶ್ವವಿದ್ಯಾಲಯದ ಅಂಗಳದಲ್ಲಿ ರಬ್ಬರ್ ಗ್ಲೌಸ್ ಹಾಕಿಕೊಂಡು ನಾವೂ ಕುಳಿತೆವು. ಉಪ್ಪಿನಲ್ಲಿ ರಾತ್ರಿಯಿಡೀ ನೆನೆದು ಮೆತ್ತಗಾದ ಎಲೆಕೋಸಿನ ಪ್ರತಿ ಎಲೆಯ ನಡುವೆಯೂ ಮಸಾಲೆ ಸವರಬೇಕು. ಕುಕ್ಕರಗಾಲಲ್ಲಿ ಕುಳಿತು ಸೊಂಟ ಹಿಡಿಯುವ ಕೆಲಸ. ಅವರ ಮೆಣಸಿನಪುಡಿಗೆ ಬಣ್ಣ ಬಹಳ, ಖಾರ ಕಡಿಮೆ. ಹಾವೇರಿಯ ಹುಡುಗನೊಬ್ಬ ಮೂಸಿ ನೋಡಿ ‘ನಮ್ಮ ಬ್ಯಾಡಗಿ!’ ಎಂದು ತೀರ್ಪು ಕೊಟ್ಟ. ಎರಡೂ ದೇಶಕ್ಕೆ ಮೆಣಸಿನಕಾಯಿ ಬಂದದ್ದು ಅಮೆರಿಕ ಖಂಡದಿಂದ. ಅದಕ್ಕೂ ಮುಂಚಿನ ಕಿಮ್ಚಿಯಲ್ಲಿ ಈ ಕೆಂಪಿರಲಿಲ್ಲ. ಮಸಾಲೆಗೆ ಅಕ್ಕಿಹಿಟ್ಟಿನ ಗಂಜಿ ಬೆರೆಸುವುದು ಏಕೆಂದು ಅಲ್ಲಿನ ಪ್ರಾಧ್ಯಾಪಕರು ಕೇಳಿದಾಗ ಉತ್ತರ ನಮ್ಮ ಬೆಂಚಿನಿಂದಲೇ ಬಂತು: ಬ್ಯಾಕ್ಟೀರಿಯಾಕ್ಕೆ ಊಟ. ಕಿಮ್ಚಿ ಹುಳಿಯುವ ಮೊದಲ ಹಂತದಲ್ಲಿ ದುಡಿಯುವ ಲ್ಯೂಕೊನೊಸ್ಟಾಕ್ ಮೆಸೆಂಟರಾಯ್ಡಿಸ್ ಎಂಬ ಬ್ಯಾಕ್ಟೀರಿಯಾ ನಮ್ಮ ಇಡ್ಲಿ ಹಿಟ್ಟನ್ನು ಉಬ್ಬಿಸುವ ಜೀವಿಯೂ ಹೌದು. ಪಠ್ಯದಲ್ಲಿ ಓದಿ ಪರೀಕ್ಷೆಗೆ ಬರೆದು ಮರೆತಿದ್ದ ಹೆಸರು ಅದು.

ಕ್ಯಾಂಟೀನಿನಲ್ಲಿ ತಟ್ಟೆ ಹಿಂದಿರುಗಿಸುವಾಗ ಉಳಿದ ಅನ್ನಕ್ಕೆ ಬೇರೆಯೇ ತೊಟ್ಟಿ. ಆಹಾರ ತ್ಯಾಜ್ಯವನ್ನು ನೇರವಾಗಿ ಕಸ ಹೂಳುವ ಜಾಗಕ್ಕೆ ಸುರಿಯುವುದನ್ನು ಕೊರಿಯಾ 2005ರಲ್ಲೇ ನಿಷೇಧಿಸಿತು. 2013ರಿಂದ ಮನೆಗಳೂ ಎಸೆದಷ್ಟಕ್ಕೆ ಶುಲ್ಕ ತೆರಬೇಕು. ಬಾನ್‌ಚಾನ್ ಉಚಿತವೆಂದು ಬೇಕಾದಷ್ಟು ತರಿಸಿಕೊಳ್ಳುತ್ತಿದ್ದವರು ಇದನ್ನು ಕೇಳಿದ ಮೇಲೆ ಸ್ವಲ್ಪ ಕೈ ಹಿಡಿದರು. ಪೂರ್ತಿ ಹಿಡಿದರು ಎಂದು ಹೇಳಲಾರೆ.

ಈಗ ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಬ್ಯಾಡಗಿ ಪುಡಿ ಹಾಕಿದ ಕಿಮ್ಚಿಯ ಜಾಡಿಗಳು ಕುಳಿತಿವೆ. ಕೆಲವಕ್ಕೆ ಬೆಳ್ಳುಳ್ಳಿ ಇದೆ, ಕೆಲವು ಜಿಂಗ್ವಾನ್ಸಾ ಪದ್ಧತಿಯವು. ಚಳಿಯಲ್ಲಿ ವಾರಗಟ್ಟಲೆ ಹಿಡಿಯುವ ಹುಳಿ ನಮ್ಮ ಬಿಸಿಲಿಗೆ ಎರಡೇ ದಿನಕ್ಕೆ ಏರುತ್ತಿದೆ. ಪಿಎಚ್ ಅಳೆಯುವ ಪಾಳಿ ಯಾರದೆಂಬ ಜಗಳ ನಿತ್ಯ ನಡೆದಿದೆ. ಫ್ರಿಜ್ಜಿನಲ್ಲಿಟ್ಟ ಜಾಡಿಗಳಲ್ಲಿ ಒಂದನ್ನು ಹಾಸ್ಟೆಲಿನವರು ಅಳತೆಗೆ ಮುಂಚೆಯೇ ಮೊಸರನ್ನದ ಜೊತೆ ಖಾಲಿ ಮಾಡಿದ್ದಾರೆ.