‘ಆ ದುಡ್ಡನ್ನ ನೇರ ಹುಡುಗರಿಗೇ ಕೊಡಬಾರದಾ?’

ಚಿಕ್ಕಮಗಳೂರಿನಲ್ಲಿ ಮದುವೆ ಮನೆಯಾಗಲಿ, ಬೆಳೆಗಾರರ ಸಭೆಯಾಗಲಿ, ನಾನು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠದ ಜೊತೆಗೆ ಇನ್‌ಕ್ಯುಬೇಷನ್ ಸೆಂಟರ್, ಅಂದರೆ ಹೊಸ ಉದ್ಯಮಗಳನ್ನು ಶುರುವಿನಲ್ಲಿ ಕೈಹಿಡಿದು ನಡೆಸುವ ಕೇಂದ್ರ, ನೋಡಿಕೊಳ್ಳುತ್ತೇನೆ ಎಂದು ಗೊತ್ತಾದರೆ ಸಾಕು, ಊಟದ ಎಲೆ ಹಾಕುವುದರೊಳಗೆ ಈ ಮಾತು ಬಂದೇ ಬರುತ್ತದೆ. “ಅಲ್ಲಮ್ಮ, ಸ್ಟಾರ್ಟಪ್‌ಗೆ ಅಂತ ಸರ್ಕಾರ ಕೊಡೋ ದುಡ್ಡು ನಿಮ್ಮಂಥ ಸೆಂಟರಿಗೆ ಯಾಕೆ ಬರಬೇಕು? ನೇರ ಹುಡುಗರ ಖಾತೆಗೇ ಹಾಕಬಾರದಾ?”

ಕೇಳುವವರ ಅನುಮಾನದಲ್ಲಿ ತಪ್ಪಿಲ್ಲ. ಬೆಳೆ ಪರಿಹಾರಕ್ಕೆ ಕಚೇರಿಯಿಂದ ಕಚೇರಿಗೆ ಅಲೆದವರಿಗೆ ನಡುವೆ ಇನ್ನೊಂದು ಕೈ ಕಂಡರೆ ಹಾಗೆ ಅನ್ನಿಸುವುದು ಸಹಜ. ಅದಕ್ಕೇ ಇದನ್ನು ಒಮ್ಮೆ ಪೂರ್ತಿ ಬರೆದುಬಿಡುತ್ತೇನೆ.

ಮೊದಲು ದುಡ್ಡಿನ ದಾರಿ. 2021ರಲ್ಲಿ ಕೇಂದ್ರ ಸರ್ಕಾರ 945 ಕೋಟಿ ರೂಪಾಯಿಯ ಸ್ಟಾರ್ಟಪ್ ಇಂಡಿಯಾ ಸೀಡ್ ಫಂಡ್ ಯೋಜನೆ ತಂದಿತು. ಆಯ್ಕೆಯಾದ ಒಂದು ಇನ್‌ಕ್ಯುಬೇಟರಿಗೆ, ಅಂದರೆ ನಮ್ಮಂಥ ಸೆಂಟರಿಗೆ, ಹೆಚ್ಚೆಂದರೆ 5 ಕೋಟಿ. ಅದರಲ್ಲಿ ಕಟ್ಟಡ ಕಟ್ಟುವಂತಿರಲಿಲ್ಲ, ಅದು ಸ್ಟಾರ್ಟಪ್‌ಗಳಿಗೇ ಹೋಗಬೇಕಿತ್ತು. ಮಾದರಿ ತಯಾರಿಸಿ ಪರೀಕ್ಷೆ ಮಾಡಲು 20 ಲಕ್ಷದವರೆಗೆ ಅನುದಾನ, ಮಾರುಕಟ್ಟೆಗೆ ಇಳಿಯಲು 50 ಲಕ್ಷದವರೆಗೆ ಸಾಲ ಅಥವಾ ಮುಂದೆ ಷೇರಾಗಿ ಬದಲಾಗುವ ಸಾಲಪತ್ರ. ಅರ್ಜಿ ಆರಿಸಿ, ಕಂತು ಬಿಡುಗಡೆ ಮಾಡಿ, ಲೆಕ್ಕ ಒಪ್ಪಿಸುವ ಇನ್‌ಕ್ಯುಬೇಟರಿಗೆ ನಿರ್ವಹಣೆಗೆಂದು ಇಟ್ಟಿದ್ದು ಶೇ 5. ಮಾದರಿ ತಯಾರಿಕೆಗೆ 10 ಲಕ್ಷದವರೆಗೆ ಕೊಡುವ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ನಿಧಿ-ಪ್ರಯಾಸ್ ಕೂಡ ಸೆಂಟರುಗಳ ಮೂಲಕವೇ ಬರುತ್ತದೆ. ನೇರವಾಗಿ ಕೊಡುವುದೂ ಇದೆ. 2017ರಲ್ಲಿ ಶುರುವಾದ ನಮ್ಮ ರಾಜ್ಯದ ಎಲಿವೇಟ್, ಗೆದ್ದ ಸ್ಟಾರ್ಟಪ್‌ಗೆ 50 ಲಕ್ಷದವರೆಗೆ ಕೊಡುತ್ತದೆ, ಕಂಪನಿಯಲ್ಲಿ ಪಾಲು ಕೇಳುವುದಿಲ್ಲ. ಒಳ್ಳೆಯ ಯೋಜನೆ. ಆದರೆ ಆ ವೇದಿಕೆಯವರೆಗೆ ಕೊಪ್ಪದ ಹುಡುಗಿಯೊಬ್ಬಳು ಹೋಗಿ ನಿಲ್ಲಬೇಕಾದರೆ ಅದಕ್ಕೆ ಮೊದಲು ಎರಡು ವರ್ಷ ಅವಳ ಜೊತೆ ಯಾರೋ ಇದ್ದಿರಬೇಕು.

ಹೆಸರಿನಲ್ಲೇ ಆ ಅರ್ಥವಿದೆ. 1959ರಲ್ಲಿ ಅಮೆರಿಕದ ಬಟೇವಿಯಾ ಎಂಬ ಊರಿನಲ್ಲಿ ಮುಚ್ಚಿಹೋದ ಕಾರ್ಖಾನೆಯನ್ನು ಜೋಸೆಫ್ ಮಂಕೂಸೊ ಎಂಬವರು ಭಾಗ ಮಾಡಿ ಸಣ್ಣ ಉದ್ಯಮಗಳಿಗೆ ಬಾಡಿಗೆಗೆ ಕೊಟ್ಟರು. ಬಂದವರಲ್ಲಿ ಕೋಳಿಮರಿ ಮಾಡಿಸುವ ಕಂಪನಿಯೂ ಒಂದು. ಇನ್‌ಕ್ಯುಬೇಟರ್ ಎಂಬ ಮಾತು ಉದ್ಯಮಕ್ಕೆ ಅಂಟಿಕೊಂಡಿದ್ದು ಆ ಮರಿಗಳಿಂದ. ನಾವು ಕಾವು ಅನ್ನುತ್ತೇವೆ. ಕಾವಿಗೆ ಕೂತ ಕೋಳಿ 21 ದಿನ ಸುಮ್ಮನೆ ಕೂತಿರುವುದಿಲ್ಲ, ದಿನಕ್ಕೆ ಎಷ್ಟೋ ಸಲ ಕೊಕ್ಕಿನಿಂದ ಮೊಟ್ಟೆ ಹೊರಳಿಸುತ್ತಲೇ ಇರುತ್ತದೆ. (ಆಕ್ಸಿಲರೇಟರ್ ಬೇರೆ. ಆಗಲೇ ಓಡುತ್ತಿರುವ ಕಂಪನಿಯನ್ನು ಕೆಲವೇ ತಿಂಗಳಲ್ಲಿ ಬೆಳೆಸುವ ಕೆಲಸ ಅದರದು, ಬಹಳ ಕಡೆ ಪ್ರತಿಯಾಗಿ ಪಾಲು ತೆಗೆದುಕೊಳ್ಳುತ್ತದೆ. ನಮ್ಮ ಜಿಲ್ಲೆ ಇನ್ನೂ ಕಾವಿನ ಹಂತದಲ್ಲಿದೆ.)

ಆ ಕೊಪ್ಪದ ಹುಡುಗಿಯ ವಿಷಯವನ್ನೇ ಹೇಳುತ್ತೇನೆ. ಅವಳು ಮತ್ತು ಇಬ್ಬರು ಗೆಳೆಯರು ಕಣದಲ್ಲಿ ಒಣಗುವ ಕಾಫಿಯ ತೇವ ಅಳೆಯುವ ಕಡಿಮೆ ಬೆಲೆಯ ಮೀಟರ್ ಮಾಡಿದರು. ಸಣ್ಣ ಬೆಳೆಗಾರರ ಮನೆಯಲ್ಲಿ ಮೀಟರ್ ಇರುವುದು ಅಪರೂಪ. ಅವಳ ಅಜ್ಜ ಇವತ್ತಿಗೂ ಒಂದು ಹಿಡಿ ಚೆರಿ (ಸಿಪ್ಪೆ ಸಮೇತ ಒಣಗುವ ಕಾಫಿ ಹಣ್ಣು) ಕೈಗೆ ತಗೊಂಡು, ಕಿವಿಯ ಹತ್ತಿರ ಗಲಗಲ ಅಲ್ಲಾಡಿಸಿ, “ಇನ್ನೊಂದು ಬಿಸಿಲು ಬೇಕು” ಅನ್ನುತ್ತಾರೆ. ಹೆಚ್ಚು ಒಣಗಿದರೆ ತೂಕ ಹೋಗುತ್ತದೆ, ಹಸಿಯಾಗಿ ಚೀಲ ಕಟ್ಟಿದರೆ ಬೂಷ್ಟು. ಶೇ 10–11ರ ಹತ್ತಿರ ನಿಲ್ಲಿಸುವುದು ವರ್ಷದ ದುಡಿಮೆಯ ಪ್ರಶ್ನೆ.

ಮೀಟರ್ ಕಾಲೇಜಿನ ಲ್ಯಾಬಿನಲ್ಲಿ ಚೆನ್ನಾಗಿಯೇ ಓದುತ್ತಿತ್ತು. ಕಣಕ್ಕೆ ಹೋದಾಗ ಅಜ್ಜ ಒಣಗಿದೆ ಅಂದದ್ದನ್ನು ಅದು ಹಸಿ ಅನ್ನತೊಡಗಿತು. ಹುಡುಗರು ಮೂರು ವಾರ ಸರ್ಕ್ಯೂಟ್ ಬಿಚ್ಚಿ ಕಟ್ಟಿದರು. ಹೊಸ ಸೆನ್ಸರ್ ತರಿಸಿದರು, ದುಡ್ಡು ಕರಗಿತು, ತಪ್ಪು ಸಿಗಲಿಲ್ಲ. ಕೊನೆಗೆ ನಾನು ಒಣಗಿದ ಕಾಫಿಯನ್ನು ಸುಲಿದು ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರನ್ನು ಕರೆತಂದೆ. ಅವರು ಮೀಟರನ್ನು ಮುಟ್ಟಲೂ ಇಲ್ಲ. “ಇದಕ್ಕೆ ಅಳತೆ ಕೂರಿಸುವಾಗ ಏನು ಹಾಕಿದ್ರಿ, ಪಾರ್ಚ್‌ಮೆಂಟಾ, ಚೆರಿಯಾ?” ಎಂದು ಕೇಳಿದರು. ಪಾರ್ಚ್‌ಮೆಂಟ್, ಅಂದರೆ ಪಲ್ಪ್ ಮಾಡಿ ಹೊರಸಿಪ್ಪೆ ತೆಗೆದು ಒಣಗಿಸಿದ್ದು, ಎಂದರು ಹುಡುಗರು. “ಚೆರಿಗೆ ಬೇರೆ ಅಳತೆ ಪಟ್ಟಿ ಬೇಕಲ್ಲಪ್ಪ. ಸಿಪ್ಪೆ ಸಮೇತ ಇರೋದಕ್ಕೂ ಪಲ್ಪ್ ಮಾಡಿದ್ದಕ್ಕೂ ಒಂದೇ ಅಳತೆ ಹೇಗಾದೀತು?” ಐದು ನಿಮಿಷದಲ್ಲಿ ಮುಗಿಯಿತು. ಹುಡುಗರ ಖಾತೆಗೆ ಇನ್ನೂ ಐದು ಲಕ್ಷ ಹಾಕಿದ್ದರೂ ಈ ಐದು ನಿಮಿಷ ಸಿಗುತ್ತಿರಲಿಲ್ಲ. ಆ ಹಿರಿಯರಿಗೆ ನಾವು ಕೊಟ್ಟಿದ್ದು ಬಸ್ ಚಾರ್ಜು, ಒಂದು ಊಟ. ಗೌರವಧನ ಕೊಡೋಣವೆಂದರೆ ನಮಗೆ ಬಂದಿದ್ದ ಅನುದಾನದಲ್ಲಿ ಅದಕ್ಕೆ ಬಾಬ್ತೇ ಇರಲಿಲ್ಲ. ಈ ಮಾತು ಬರೆಯುವಾಗಲೂ ನನಗೆ ಸಂಕಟವಾಗುತ್ತದೆ.

ಆ ತಪ್ಪು ತಿದ್ದಲು ಬೇಕಿದ್ದ ಎರಡನೇ ಕಂತು ಕೈಗೆ ಬಂದಿದ್ದು ಮಾರ್ಚ್ ಕೊನೆಯ ವಾರ. ಅಷ್ಟರಲ್ಲಿ ಕೊಯ್ಲು ಮುಗಿದು, ಕಣದಲ್ಲಿ ಕಾಳುಮೆಣಸು ಹರಡಿತ್ತು. 31ರೊಳಗೆ ಖರ್ಚು ತೋರಿಸಿ ಬಳಕೆ ಪ್ರಮಾಣಪತ್ರ ಕಳಿಸಬೇಕು, ಪರೀಕ್ಷೆ ಮಾಡಲು ಕಾಫಿ ಇಲ್ಲ. ಮುಂದಿನ ಅರೇಬಿಕಾ ಕಾಫಿ ಹಣ್ಣಾಗುವುದು ನವೆಂಬರಿಗೆ. ಎಂಟು ತಿಂಗಳ ಆ ಬಿಡುವಿನಲ್ಲಿ ಮೂವರಲ್ಲಿ ಒಬ್ಬ ಕ್ಯಾಂಪಸ್ ಸೆಲೆಕ್ಷನ್ ಆಗಿ ಬೆಂಗಳೂರಿಗೆ ಹೊರಟ. ಮನೆಯಲ್ಲಿ ಸಾಲವಿತ್ತು, ತಡೆಯಲು ನನಗೆ ಬಾಯಿ ಬರಲಿಲ್ಲ. ಸಾಫ್ಟ್‌ವೇರ್ ಕಂಪನಿಗೆ ಮಾರ್ಚಾದರೇನು ಜೂನಾದರೇನು. ಕಾಫಿ, ಅಡಿಕೆ, ಆಲೂಗಡ್ಡೆ ನಂಬಿ ಹೊರಟವರಿಗೆ ಒಂದು ಕಂತು ತಪ್ಪಿದರೆ ಒಂದು ವರ್ಷ ಹೋದಂತೆಯೇ. ಚಿಕ್ಕಮಗಳೂರು, ಹಾಸನದಂಥ ಕಡೆಯ ಅನುದಾನವನ್ನು ಹಣಕಾಸು ವರ್ಷದ ಲೆಕ್ಕದಲ್ಲಿ ಕೊಡುವುದನ್ನು ಬಿಟ್ಟು ಬೆಳೆಯ ಲೆಕ್ಕದಲ್ಲಿ ಕೊಡಬೇಕೆಂದು ನಾನು ಹೋದಲ್ಲೆಲ್ಲ ಹೇಳುತ್ತಿದ್ದೇನೆ.

“ಇಷ್ಟು ವರ್ಷದಲ್ಲಿ ಏನು ಬಂತು ತೋರಿಸಿ” ಎಂಬುದು ಇದರ ಬಾಲಂಗೋಚಿ ಪ್ರಶ್ನೆ. ಇದನ್ನು ಕೇಳುವ ಬೆಳೆಗಾರರ ತೋಟದಲ್ಲೇ ಉತ್ತರ ನಿಂತಿರುತ್ತದೆ. ಎಲೆ ತುಕ್ಕು ರೋಗ ಅರೇಬಿಕಾ ತೋಟಗಳನ್ನು ಕಾಡುತ್ತಿದ್ದ ಕಾಲದಲ್ಲಿ, 1925ರಲ್ಲಿ, ಮೈಸೂರು ಸರ್ಕಾರ ಬಾಳೆಹೊನ್ನೂರಿನ ಹತ್ತಿರ ಕಾಫಿ ಪ್ರಯೋಗ ಕೇಂದ್ರ ತೆರೆಯಿತು. ಅಲ್ಲಿಂದ ತುಕ್ಕನ್ನು ತಾಳಿಕೊಳ್ಳುವ ಎಸ್. 795 ಎಂಬ ಅರೇಬಿಕಾ ತಳಿ ಬೆಳೆಗಾರರ ಕೈ ಸೇರಿದ್ದು 1940ರ ದಶಕದಲ್ಲಿ. ಹತ್ತಿರ ಹತ್ತಿರ ಇಪ್ಪತ್ತು ವರ್ಷ ಯಾರೋ ಸಂಬಳ ಕೊಟ್ಟು ವಿಜ್ಞಾನಿಗಳನ್ನು ಅಲ್ಲಿ ಇರಿಸಿಕೊಂಡಿದ್ದರು. ಅಂದು ಮೂರನೇ ವರ್ಷಕ್ಕೇ ಫಲಿತಾಂಶ ಕೇಳಿ ಬಾಗಿಲು ಹಾಕಿದ್ದರೆ ಇಂದು ಆ ಗಿಡ ಇರುತ್ತಿರಲಿಲ್ಲ.

ಈಗ ಸಣ್ಣ ಊರಿನ ತೊಡಕು. ಸೀಡ್ ಫಂಡ್ ಬೇಕೆಂದರೆ ಇನ್‌ಕ್ಯುಬೇಟರ್ ಕನಿಷ್ಠ ಎರಡು ವರ್ಷ ನಡೆದಿರಬೇಕು, 25 ಜನ ಕೂರಲು ಜಾಗ, ಒಳಗೆ ಕನಿಷ್ಠ ಐದು ಸ್ಟಾರ್ಟಪ್, ಪೂರ್ಣಾವಧಿ ಮುಖ್ಯಸ್ಥ ಇರಬೇಕು ಎಂದಿತ್ತು. ಸರ್ಕಾರದ ನೆರವಿಲ್ಲದೆ ನಡೆಯುವ ಇನ್‌ಕ್ಯುಬೇಟರಾದರೆ ಮೂರು ವರ್ಷ, ಹತ್ತು ಸ್ಟಾರ್ಟಪ್. ಜನರ ದುಡ್ಡಿಗೆ ಇಷ್ಟು ಬಿಗಿ ಇರಬೇಕು, ಒಪ್ಪುತ್ತೇನೆ. ಆದರೆ ಆ ಮೊದಲ ಎರಡು ವರ್ಷ ಪೂರ್ಣಾವಧಿ ಮುಖ್ಯಸ್ಥನಿಗೆ ಸಂಬಳ ಯಾರು ಕೊಡಬೇಕು? ಕಾಲೇಜುಗಳು ನನ್ನಂಥ ಮೇಷ್ಟರಿಗೆ ವಾರಕ್ಕೆ ಹದಿನಾರು ತಾಸು ಪಾಠದ ಮೇಲೆ ಇದನ್ನೂ ಹೊರಿಸುತ್ತವೆ. ತ್ರೀಡಿ ಪ್ರಿಂಟರ್ ಕೊಡಿಸುವವರು ಸಿಗುತ್ತಾರೆ, ಅದನ್ನು ನಡೆಸುವ ಹುಡುಗನಿಗೆ ಸಂಬಳ ಕೊಡುವವರು ಸಿಗುವುದಿಲ್ಲ. ಸರ್ಕಾರದ ನೆರವಿರುವ ಇನ್‌ಕ್ಯುಬೇಟರಿಗೆ ಕಂಪನಿಗಳು ಕೊಟ್ಟದ್ದು ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಯ ಖರ್ಚು) ಲೆಕ್ಕಕ್ಕೆ ಸೇರುತ್ತದೆ. ಅವರ ಹತ್ತಿರ ಹೋದಾಗ ನಾನು ಯಂತ್ರ ಕೇಳುವುದನ್ನು ಈಗ ಬಿಟ್ಟಿದ್ದೇನೆ. ಈಗ ಕೇಳುವುದು ಇಷ್ಟೇ: ತಿಂಗಳಿಗೆ 60 ಸಾವಿರದ ಒಬ್ಬ ಮ್ಯಾನೇಜರ್, 30 ಸಾವಿರದ ಒಬ್ಬ ಟೆಕ್ನಿಷಿಯನ್, ಮೂರು ವರ್ಷ. ಒಟ್ಟು 32 ಲಕ್ಷದ 40 ಸಾವಿರ. ಜೊತೆಗೆ ಹಿರಿಯರಿಗೆ ಗೌರವಧನ. ಮೊದಲ ಕಂತು ಸೆಪ್ಟೆಂಬರಿನಲ್ಲಿ.

ಚೆರಿಗೆ ಬೇರೆ ಪಟ್ಟಿ ಈಗ ಸಿದ್ಧವಾಗಿದೆ. ಹೋದ ಕೊಯ್ಲಿನಲ್ಲಿ ಅಜ್ಜನ ಹಿಡಿ, ಹುಡುಗಿಯ ಮೀಟರ್ ಎರಡೂ ಒಂದೇ ದಿನ ‘ಸಾಕು’ ಅಂದವು. ಉಳಿದಿರುವುದು ಕಾಫಿಯ ಇನ್ನೊಂದು ಜಾತಿ, ರೊಬಸ್ಟಾ. ಜನವರಿಯಲ್ಲಿ ಕಣ ಹರಡುವ ಮೂಡಿಗೆರೆ, ಸಕಲೇಶಪುರ ಕಡೆಯವರು ಒಂದು ಮೂಲೆ ಬಿಟ್ಟುಕೊಟ್ಟರೆ, ಮೀಟರ್ ಹಿಡಿದು ಅವಳೇ ಬರುತ್ತಾಳೆ.